ನಾಲಿಗೆಗೆ ಕರೆಂಟು, ಕಿವಿಗೆ ಮಳೆ

ನಾಲಿಗೆ ಸುಟ್ಟುಹೋಗಬಹುದಿತ್ತು. ರುಚಿ ಸತ್ತು, ಸಾರಿಗೂ ಮಜ್ಜಿಗೆಗೂ ವ್ಯತ್ಯಾಸ ತಿಳಿಯದೆ ಹೋಗಬಹುದಿತ್ತು. ಕಟ್ಟಿಸಿಕೊಂಡ ಹಲ್ಲು ಹಿಡಿದು ಕರೆಂಟು ನೇರ ತಲೆಗೇ ಏರಬಹುದಿತ್ತು. ಒಂದು ಕಿವಿಯ ಸದ್ದು ಎರಡಕ್ಕೂ ಹಬ್ಬಬಹುದಿತ್ತು. ಅಥವಾ ಏನೂ ಆಗದೆ ಎಲ್ಲ ಮೊದಲಿನಂತೆಯೇ ಉಳಿಯಬಹುದಿತ್ತು. ನಿಜವಾದ ಭಯ ಇದ್ದದ್ದು ಅದರದ್ದೇ.

ಚನ್ನಗಿರಿಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡರೆ ಬೇರಿಂಗು ತನ್ನ ಕಷ್ಟ ತಾನೇ ಹೇಳಿಕೊಳ್ಳುತ್ತದೆ. ಅದರಿಂದಲೇ ನನ್ನ ಅನ್ನ. ಅಂಥ ಕಿವಿಯೊಳಗೆ ಒಂದು ದಿನ ಕೊಂಯ್ ಎನ್ನುವ ಸದ್ದು ಬಂದು ಕೂತಿತು. ಮೋಟಾರು ನಿಲ್ಲಿಸಿದರೂ ಅದು ನಿಲ್ಲದು. ಯಾವುದು ಮೋಟಾರಿನದು, ಯಾವುದು ನನ್ನದು ಗೊತ್ತಾಗದೆ ಬಂದವರನ್ನು ಬೇರೆ ಅಂಗಡಿಗೆ ಕಳಿಸತೊಡಗಿದೆ. ಬಾಗಿಲು ಹಾಕುವ ಮಾತೂ ಮನೆಯಲ್ಲಿ ಬಂತು.

ದಾವಣಗೆರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಮೇಡಂ ಒಂದು ಯಂತ್ರ ಕೊಟ್ಟರು. ಕಿವಿಗೆ ಹೆಡ್‌ಫೋನು, ಅದರಲ್ಲಿ ಮಳೆ ಹನಿದಂಥ ಸದ್ದು. ನಾಲಿಗೆಯ ಮೇಲೆ ಬಿಳಿ ಬಿಲ್ಲೆ, ಅದರಿಂದ ಸಣ್ಣ ಕರೆಂಟು.

"ಎರಡೂ ಒಟ್ಟಿಗೆ ಸಿಕ್ಕಿದ್ರೆ ಮಿದುಳು ಆ ಕೊಂಯ್ ಸದ್ದಿಗೆ ಗಮನ ಕೊಡೋದು ಕಡಿಮೆ ಆಗ್ಬಹುದು. ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ," ಅಂದರು.

ಹೆದರಿಕೆಗೆ ಯಂತ್ರ ಎಷ್ಟೋ ದಿನ ಡಬ್ಬಿಯಲ್ಲೇ ಇತ್ತು.

"ದಿನಾ ಕರೆಂಟಿನ ಜೊತೆ ಸಂಸಾರ ಮಾಡೋರು ನೀವು," ಅಂದಳು ಹೆಂಡತಿ. "ಸಣ್ಣೋರಿದ್ದಾಗ ಸೆಲ್ಲು ನೆಕ್ಕಿ ನೋಡ್ತಿರಲಿಲ್ವೇನ್ರೀ? ಇದೂ ಹಂಗೇ ಐತೆ."

"ಆಗ ಬುದ್ಧಿ ಇರಲಿಲ್ಲ."

"ಈಗ ಬಂದೈತಾ?"

ಡಬ್ಬಿ ತೆರೆದು ಬಿಲ್ಲೆ ಬಾಯಿಗಿಟ್ಟುಕೊಂಡೆ. ಸೋಡಾ ಕುಡಿದಂತೆ ನಾಲಿಗೆ ಜುಮ್ಮೆಂದಿತು, ಅಷ್ಟೇ. ದಿನಾ ಹಾಗೇ ಕೂತೆ. ವಾರಗಳು ಉರುಳಿದವು. ಕಡಿಮೆಯಾಯಿತೋ, ಕಡಿಮೆಯಾಯಿತೆಂದು ನಾನೇ ಅಂದುಕೊಂಡೆನೋ ಎಂಬ ಹೊಸ ಚಿಂತೆಯೂ ಸೇರಿಕೊಂಡಿತು.

ಮೊನ್ನೆ ಉಬ್ರಾಣಿಯ ತೋಟದವರೊಬ್ಬರು ಮೋಟಾರು ತಂದರು. ಬೇರೆ ಅಂಗಡಿಗೆ ಕಳಿಸುವ ಮುಂಚೆ ಒಂದು ಸಲ ನೋಡೋಣವೆಂದು ಸ್ಕ್ರೂಡ್ರೈವರ್ ಆನಿಸಿದೆ. ನನ್ನ ಕೊಂಯ್ ದೂರದಲ್ಲೆಲ್ಲೋ ಇತ್ತು. ಅದರ ಈಚೆಗೆ, ಸ್ಪಷ್ಟವಾಗಿ, ಗರಗರ.

"ಹಿಂದಿನ ಬೇರಿಂಗು ಹೋಗೈತೆ ರೀ."

ಬಿಚ್ಚಿದರೆ ಹೌದು. "ಮತ್ತೆ ಹೋದ ಸಲ ಯಾಕ್ರೀ ವಾಪಸ್ ಕಳಿಸಿದ್ರಿ?" ಎನ್ನುತ್ತಾ ಅವರು ತಮ್ಮ ಸಂಚಿ ಬಿಚ್ಚಿ ಎಲೆ ಅಡಿಕೆ ಕೊಟ್ಟರು. ಅವರ ತೋಟದ್ದೇ ಅಡಿಕೆ, ಬೇಡ ಅನ್ನುವಂತಿಲ್ಲ. ಮೆಲ್ಲುತ್ತಲೇ ಮನೆಗೆ ಹೋಗಿ, ಅದೇ ಸಂತೋಷದಲ್ಲಿ ಬಾಯಿ ಮುಕ್ಕಳಿಸುವುದನ್ನೂ ಮರೆತು ಯಂತ್ರಕ್ಕೆ ಕೂತೆ.

ಮರುವಾರ ತಪಾಸಣೆಗೆ ಹೋದಾಗ ಮೇಡಂ ಡಬ್ಬಿ ತೆಗೆದು, ಕೆಂಪಾದ ಬಿಲ್ಲೆ ನೋಡಿ ಗಾಬರಿಯಾದರು.

"ನಾಲಿಗೆಯಿಂದ ರಕ್ತ ಬರ್ತಿದೆಯಾ?"

"ಇಲ್ಲ ಮೇಡಂ. ಎಲೆ ಅಡಿಕೆ. ತೊಳೆದರೂ ಹೋಗವಲ್ದು."