ತುದಾ ಅಕ್ಕನ ಹಿಟ್ಟಿನ ತಟ್ಟೆ

ಮರುಭೂಮಿಯ ಅಂಚಿನ ಎರ್ಫೂದ್ ಪಟ್ಟಣದ ಒಂದು ಅಂಗಡಿಯ ಹಿತ್ತಲಲ್ಲಿ ಕೂತು ಕಲ್ಲಾಗಿಹೋದ ಬಸವನಹುಳುಗಳನ್ನು ತಿಕ್ಕಿ ಹೊಳಪು ಕೊಡುವುದು ನನ್ನ ಕೆಲಸ. ಮರಾಕೇಶಿನ ಕಡೆಯಿಂದ ಬರುವ ಗಿರಾಕಿಗಳು ಅವನ್ನು ಕೊಳ್ಳುತ್ತಾರೆ. ಕೋಟ್ಯಂತರ ವರ್ಷ ಜಾಗ ಬಿಟ್ಟು ಕದಲದ ಪ್ರಾಣಿಗಳ ಸಹವಾಸದೋಷವೋ ಏನೋ, ನಾನೂ ಅಕ್ಕನ ಮನೆಯ ಹೊರಕೋಣೆ ಬಿಟ್ಟು ಕದಲಿಲ್ಲ. ಹಾಗಾಗಿ ತುದಾ ಅಕ್ಕನ ವಿಷಯ ಹೇಳಲು ನನಗಿಂತ ಹತ್ತಿರದ ಸಾಕ್ಷಿ ಇಲ್ಲ.

ಅಕ್ಕ ಜಮಖಾನ ನೇಯುತ್ತಾಳೆ. ಭಾವ ಝಾಯಿದ್ ಆಕಾಶದಿಂದ ಬಿದ್ದ ಕಲ್ಲು ಹುಡುಕುತ್ತಾನೆ. ನಮ್ಮ ಕಡೆ ಅದೂ ಒಂದು ಕಸುಬು. ಬೈಕಿಗೆ ನೀರಿನ ಕ್ಯಾನು ಕಟ್ಟಿ ಮರುಭೂಮಿಗೆ ಇಳಿದನೆಂದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ಬಂದರೆ ಎರಡು ದಿನ ನಿದ್ದೆ ಹೊಡೆದು ಮತ್ತೆ ಹೊರಡುತ್ತಾನೆ. "ಇರು" ಎಂದು ಬಾಯಿಬಿಟ್ಟು ಹೇಳುವ ಜಾತಿಯಲ್ಲ ಅಕ್ಕ. ಅವನ ಪುದೀನ ಟೀಗೆ ಇನ್ನೊಂದು ತುಂಡು ಸಕ್ಕರೆ ಹಾಕುತ್ತಾಳೆ, ಅಷ್ಟೆ.

ಈ ಸಲ ಬಂದಾಗ ಭಾವ ಸಪ್ಪಗಿದ್ದ. ಗಟ್ಟಿನೆಲದಲ್ಲಿ ಹೊಸ ಗುಳಿಯೊಂದು ಸಿಕ್ಕಿತ್ತಂತೆ, ಒಳಗೆ ಒಂದು ಕರೀ ಕಲ್ಲಿನ ಚೂರು. ಕಲ್ಲು ಒಡೆದು ಬಿದ್ದಿರಬೇಕು, ಆದರೆ ಸುತ್ತ ಎಷ್ಟು ಹುಡುಕಿದರೂ ಎರಡನೆಯ ತುಂಡಿಲ್ಲ.

ಹೊರಡುವ ಬೆಳಿಗ್ಗೆ ಮಗಳು ಯಾಮ್ನಾ ಬೈಕಿನ ಹ್ಯಾಂಡಲ್ ಹಿಡಿದು ಜೋತುಬಿದ್ದಳು. "ಅಪ್ಪಾ, ಆಕಾಶದ ಕಲ್ಲು ಬಿದ್ರೆ ಏನಾಗತ್ತೆ?"

ಭಾವ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಕುಸ್ಕುಸ್ ರವೆ ಕಲಸುವ ಅಗಲದ ಮರದ ತಟ್ಟೆ ತಂದು ಅಂಗಳದಲ್ಲಿಟ್ಟಳು. ಹಿಟ್ಟು ಸುರಿದು ಅಂಗೈಯಿಂದ ಸಮ ಮಾಡಿ, ಮೇಲೆ ತೆಳ್ಳಗೆ ಕೆಂಪು ಮೆಣಸಿನ ಪುಡಿ ಉದುರಿಸಿದಳು.

"ಹಾಕಿ ತೋರ್ಸು."

ಭಾವ ಬೈಕಿನಿಂದ ಇಳಿದು ಗೋಲಿಯಷ್ಟು ದೊಡ್ಡ ಕಲ್ಲೊಂದನ್ನು ಮೇಲಿನಿಂದ ಬಿಟ್ಟ. ಧೊಪ್! ದುಂಡನೆಯ ಗುಳಿ, ಸುತ್ತ ಉಬ್ಬಿದ ಅಂಚು, ಕೆಂಪಿನ ಮೇಲೆ ಸೂರ್ಯನ ಕಿರಣಗಳಂತೆ ಚೆಲ್ಲಿದ ಬಿಳಿ ಹಿಟ್ಟು.

"ನೋಡಿ, ಅಡಿಯಲ್ಲಿದ್ದದ್ದು ಮೇಲೆ ಬಂತು. ಚಂದ್ರನ ಮುಖದ ತುಂಬ ಇಂಥವೇ," ಎಂದ ಭಾವ.

"ಇನ್ನೊಂದು! ಇನ್ನೂ ಮೇಲಿಂದ!" ಬೀದಿಯ ಮಕ್ಕಳೆಲ್ಲ ಸೇರಿದ್ದರು. ಎತ್ತರ ಹೆಚ್ಚಿದಂತೆ ಗುಳಿಯೂ ದೊಡ್ಡದಾಯಿತು, ಬಿಸಿಲೂ ಏರಿತು. "ಇಷ್ಟೊತ್ತಲ್ಲಿ ಯಾರು ಹೊರಡ್ತಾರೆ" ಎಂದು ಭಾವ ಕ್ಯಾನು ಇಳಿಸಿದ.

"ನಾಳೆ ಒದ್ದೆ ಮಣ್ಣಲ್ಲಿ ನೋಡ್ಬೇಕಂತೆ ಮಕ್ಳು," ಎಂದಳು ಅಕ್ಕ. ಯಾವ ಮಗುವೂ ಹಾಗೆ ಕೇಳಿರಲಿಲ್ಲ.

ಮಾರನೆಯ ದಿನ ಒದ್ದೆ ಮಣ್ಣು. ಅದರ ಮಾರನೆಯ ದಿನ ಮರಳು. ಆಮೇಲೆ ಮತ್ತೆ ಹಿಟ್ಟು, ಕಲ್ಲಿನ ಬದಲು ಖರ್ಜೂರದ ಬೀಜ. ಅಕ್ಕ ಕಣ್ಣಿಗೆ ಕಾಡಿಗೆ ಹಚ್ಚಿದ್ದಳು. ಮಗ್ಗದ ಮುಂದೆ ಗುನುಗುತ್ತಿದ್ದಳು. ಈ ವಿಜ್ಞಾನದಲ್ಲಿ ನನ್ನ ಪಾಲು ತಟ್ಟೆ ಹಿಡಿದುಕೊಂಡು ಸೀನುವುದು.

"ಹಿಟ್ಟು ಮುಗೀತಾ ಬಂತಲ್ಲಕ್ಕ, ರೊಟ್ಟಿಗೆ?"

"ನೀನು ಕಮ್ಮಿ ತಿನ್ನು."

ಕೊನೆಗೆ ಅಕ್ಕನ ಉಪಾಯಗಳ ಬುತ್ತಿ ಬರಿದಾಯಿತು. ಭಾವನ ಕಣ್ಣು ಬೈಕಿನ ಕಡೆ ಹೊರಳುತ್ತಿದ್ದದ್ದು ಅವಳಿಗೂ ಕಂಡಿತು. ತಟ್ಟನೆ ಕಲ್ಲೊಂದನ್ನು ಎತ್ತಿಕೊಂಡು, "ಓರೆಯಾಗಿ ಎಸೆದ್ರೆ?" ಎನ್ನುತ್ತಲೇ ಬೀಸಿದಳು.

ಗುಳಿಯೇನೋ ದುಂಡಗೇ ಆಯಿತು. ಆದರೆ ಹಿಟ್ಟು, ಮೆಣಸು ಎಲ್ಲ ಒಂದೇ ಕಡೆಗೆ ಚಿಮ್ಮಿತು. ಆ ಕಡೆ ಇದ್ದದ್ದು ನನ್ನ ಕಣ್ಣು.

"ಮಾಮ ಅಳ್ತಿದಾನೆ! ಮಾಮ ಅಳ್ತಿದಾನೆ!"

ಭಾವ ನಗಲಿಲ್ಲ. ಕುಕ್ಕರಗಾಲಲ್ಲಿ ಕೂತ. "ತುದಾ, ಇನ್ನೊಂದ್ಸಲ ಎಸಿ."

ಅಕ್ಕ ಖುಷಿಯಿಂದ ಎಸೆದಳು. ಮತ್ತೆ ಹಾಗೇ.

"ಕಲ್ಲು ಯಾವ ಕಡೆ ಹೊರಟಿತ್ತೋ ಆ ಕಡೆಗೇ ಚೆಲ್ಲತ್ತೆ," ಎಂದ ಭಾವ ಮೆಲ್ಲಗೆ. "ಮರುಭೂಮಿಲಿ ಸಿಕ್ಕ ಆ ಗುಳಿಲೂ ಮಣ್ಣು ಹಿಂಗೇ ಒಂದು ಕಡೆ ಚೆಲ್ಲಿತ್ತು ಕಣೇ! ಉಳಿದ ತುಂಡುಗಳು ಇನ್ನೂ ಮುಂದೆ ಬಿದ್ದಿವೆ. ನಾನೊಬ್ಬ ಕತ್ತೆ, ಅಲ್ಲೇ ಸುತ್ತ, ಹಿಂದೆ ಹುಡುಕ್ತಿದ್ದೆ." ಎದ್ದವನೇ ಅಷ್ಟು ಜನರ ಮುಂದೆ ಅವಳ ಹಣೆಗೆ ಮುತ್ತಿಟ್ಟ. "ನೀನು ಹೇಳ್ಕೊಟ್ಟೆ!"

ನಾನು ಕಣ್ಣು ತೊಳೆದು ಬರುವಷ್ಟರಲ್ಲಿ ಬೈಕಿನ ಸದ್ದು ಬೀದಿ ದಾಟಿತ್ತು. ರೊಟ್ಟಿಯ ಗಂಟು ಕಟ್ಟಿಕೊಟ್ಟ ಅಕ್ಕ ಬಾಗಿಲಲ್ಲೇ ನಿಂತಿದ್ದಳು.

"ಅಮ್ಮಾ, ನಾಳೆ ಏನು ಎಸೀತೀಯ?" ಯಾಮ್ನಾ ಕೇಳಿದಳು.

ಅಕ್ಕ ತಟ್ಟೆಯ ಮೆಣಸು ಬೆರೆತ ಹಿಟ್ಟಿಗೆ ನೀರು ಹಾಕಿ ನಾದತೊಡಗಿದಳು. ಸಂಜೆಯ ರೊಟ್ಟಿ ಕೆಂಪಗೆ ಬೆಂದಿತ್ತು. ಮೊದಲ ತುತ್ತಿಗೇ ಅವಳ ಕಣ್ಣು ತುಂಬಿ ಕಾಡಿಗೆ ಕದಡಿತು.

"ಖಾರ," ಎಂದಳು.

ನನ್ನ ನಾಲಿಗೆಗೆ ಅಷ್ಟೇನೂ ಖಾರ ಹತ್ತಿರಲಿಲ್ಲ.

"ಹೌದಕ್ಕ, ವಿಪರೀತ," ಎಂದೆ.