ದಪ್ಪ ಗೋಡೆ, ದೊಡ್ಡ ಕಿಟಕಿ

ಕುವೈತಿನಲ್ಲಿ ವಾರದ ರಜೆ ಶುಕ್ರವಾರ-ಶನಿವಾರಕ್ಕೆ ಬದಲಾದ ಹೊಸತು. ಯಾವ ದಿನ ಆಫೀಸು, ಯಾವ ದಿನ ರಜೆ ಎಂಬ ನನ್ನ ಗಾಬರಿ ಇನ್ನೂ ಇಳಿದಿರಲಿಲ್ಲ. ಅಷ್ಟರಲ್ಲಿ ಮೈದಾನ್ ಹವಲ್ಲಿಯ ನಮ್ಮ ಎರಡು ಕೋಣೆಯ ಫ್ಲಾಟಿಗೆ ಒಂದು ಇಗರ್ಜಿ ಬಂತು.

ಒಂಬತ್ತನೇ ಕ್ಲಾಸಿನ ಮಗಳ ಪ್ರಾಜೆಕ್ಟ್. ಯುರೋಪಿನ ಮಧ್ಯಯುಗದ ಎರಡು ಶೈಲಿಯ ಚರ್ಚುಗಳನ್ನು, ನಮ್ಮೂರಿನ ಮಾತಿನಲ್ಲಿ ಇಗರ್ಜಿಗಳನ್ನು, ರಟ್ಟಿನಲ್ಲಿ ಮಾಡಿ, ಪಕ್ಕಪಕ್ಕ ಇಟ್ಟು ಹೋಲಿಸಬೇಕು. ರೋಮನೆಸ್ಕ್ ಅವಳ ಗೆಳತಿಗೆ, ಗೋಥಿಕ್ ಇವಳಿಗೆ.

"ಪಪ್ಪ, ನೀವು ಮುಟ್ಲಿಕ್ಕಿಲ್ಲ. ಪ್ರಾಮಿಸ್?"

ಪ್ರಾಮಿಸ್ ಮಾಡಿದೆ. ಹಿಂದಿನ ವರ್ಷ ಅವಳ ಜ್ವಾಲಾಮುಖಿಗೆ ನಾನು ಕೊಟ್ಟ ಫಿನಿಶಿಂಗ್ ನೋಡಿ ಟೀಚರ್, "ಮಾರ್ಕ್ಸ್ ನಿನಗೆ ಕೊಡಲಾ, ನಿನ್ನ ಪಪ್ಪನಿಗಾ?" ಎಂದು ಇಡೀ ಕ್ಲಾಸಿನೆದುರು ಕೇಳಿದ್ದರಂತೆ. ಎರಡು ದಿನ ಅವಳು ನನ್ನ ಜೊತೆ ಮಾತಾಡಿರಲಿಲ್ಲ. ಈ ಸಲ ಇದು ತನ್ನದೇ ಕೈಕೆಲಸ ಎಂದು ಅವಳು ತೋರಿಸಲೇಬೇಕಿತ್ತು.

ಆದರೆ ಆ ಇಗರ್ಜಿ! ಗೋಡೆ ಮೊಳದೆತ್ತರ, ಆದರೆ ದೋಸೆಯಷ್ಟು ತೆಳು. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಕಿಟಕಿ, ಕಿಟಕಿಗೆ ಬಣ್ಣದ ಪಾರದರ್ಶಕ ಕಾಗದ. ಮೇಲೆ ಚಾವಣಿಯಾಗಿ ಕಮಾನಿನ ಭಾರದ ಮಾಡು. ಮಾಡು ಇಟ್ಟರೆ ಗೋಡೆಗಳು ನಿಧಾನವಾಗಿ ಹೊರಕ್ಕೆ ಬಾಗುತ್ತಿದ್ದವು. ಅದನ್ನು ನೋಡಿ ಎರಡು ದಿನ ನನಗೆ ಊಟ ಸೇರಲಿಲ್ಲ.

ನಾನು ಶುವೈಖಿನ ಒಂದು ಜಿಪ್ಸಂ ವರ್ಕ್‌ಶಾಪಿನಲ್ಲಿ ಸೀಲಿಂಗಿನ ನಕ್ಷೆ ಬರೆಯುವವನು. ಅಲ್ಲಿನ ಮೇಸ್ತ್ರಿ ಉಳ್ಳಾಲದ ಕಡೆಯ ಬ್ಯಾರಿಗಳು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಮಗಳ ಪುಸ್ತಕದ ಚಿತ್ರವನ್ನು ಜೆರಾಕ್ಸ್ ಮಾಡಿಕೊಂಡು ಹೋಗಿ ಅವರಿಗೆ ತೋರಿಸಿದೆ.

"ಎಂತ ಮಾರಾಯ್ರೆ, ಇಷ್ಟು ದೊಡ್ಡ ಕಿಟಕಿಯಾ? ಒಂದು ಧೂಳಿನ ಗಾಳಿ ಬಂದ್ರೆ ಖಲಾಸ್! ಏಸಿ ನಿಲ್ತದಾ ಒಳಗೆ?"

"ಇದು ಫ್ರಾನ್ಸಿನದ್ದು, ಉಸ್ತಾದ್."

"ಎಲ್ಲಿಯದ್ದಾದ್ರೂ ಎಂತ? ಗೋಡೆ ದಪ್ಪ ಮಾಡಿ, ಕಿಟಕಿ ಸಣ್ಣ ಮಾಡಿ. ಯಲ್ಲಾ, ಮುಗೀತು."

ಹದಿನೈದು ವರ್ಷ ಈ ಬಿಸಿಲಿಗೆ ಬೆನ್ನು ಹಾಕಿ ಮನೆ ಕಟ್ಟುವವರ ನಡುವೆ ಇದ್ದ ನನಗೆ ಅದು ವೇದವಾಕ್ಯವಾಗಿ ಕೇಳಿಸಿತು.

ಶುಕ್ರವಾರ ಮಧ್ಯಾಹ್ನ ತಾಯಿ-ಮಗಳು ರುಮೈಥಿಯಾದ ಪರಿಚಯದವರ ಮನೆಗೆ ಹೋದರು. ಬರೀ ಒಂದು ಮೂಲೆಗೆ ಸ್ವಲ್ಪ ಆಧಾರ, ಅಷ್ಟೇ ಎಂದುಕೊಂಡು ಕೂತೆ. ಗೋಡೆಗೆ ಒಳಗಿನಿಂದ ಇನ್ನೊಂದು ಪದರ ರಟ್ಟು, ಸಂದಿಗೆ ಜಿಪ್ಸಂ ಲೇಪ. ಪಶ್ಚಿಮದ ಕಿಟಕಿಗಳನ್ನು ಮುಕ್ಕಾಲು ಮುಚ್ಚಿದೆ. ಪಶ್ಚಿಮಕ್ಕೆ ಕಿಟಕಿ ಬಿಡುವವನಿಗೆ ಇಲ್ಲಿ ಹುಚ್ಚ ಎನ್ನುತ್ತಾರೆ. ಕಿಟಕಿಯ ಚೂಪು ತಲೆ ಉದುರಬಹುದೆಂದು ಅದನ್ನೂ ಗುಂಡಗೆ ತೀಡಿದೆ. ಮಾಡು ಇಟ್ಟೆ. ಅಲುಗಲಿಲ್ಲ. ಎರಡು ದಿನದ ಮೇಲೆ ಮೊದಲ ಬಾರಿ ಹೊಟ್ಟೆ ತುಂಬ ಉಂಡೆ.

ಮಗಳು ಬಂದು ನೋಡಿದಳು. ಕೂಗಾಡಲಿಲ್ಲ. ಮೆಲ್ಲಗೆ ಕುರ್ಚಿ ಎಳೆದು ಕೂತಳು.

"ಪಪ್ಪ, ದಿಸ್ ಈಸ್ ರೋಮನೆಸ್ಕ್."

"ಅಂದ್ರೆ?"

"ದಪ್ಪ ಗೋಡೆ, ಸಣ್ಣ ಕಿಟಕಿ, ರೌಂಡ್ ಆರ್ಚ್. ನನ್ನ ಫ್ರೆಂಡಿನ ಚರ್ಚ್ ನೀವು ಕಟ್ಟಿದ್ದೀರಿ. ನಾನು ಸಂಡೇ ಏನು ಕಂಪೇರ್ ಮಾಡೋದು?"

ಹೆಂಡತಿ ಅಡುಗೆಮನೆಯಿಂದಲೇ, "ಇವರಿಗೆ ಕೈ ಕಟ್ಟಿ ಹಾಕಬೇಕಿತ್ತು" ಎಂದಳು.

ಗೋಡೆ ಬಾಗುವುದು ಮಗಳಿಗೆ ಗೊತ್ತೇ ಇತ್ತು. ಕಮಾನಿನ ಭಾರ ಬದಿಗೆ ದೂಡುತ್ತದೆ. ರೋಮನೆಸ್ಕಿನವರು ಅದನ್ನು ಗೋಡೆಯ ದಪ್ಪದಿಂದಲೇ ತಡೆದರು. ಗೋಥಿಕ್‌ನವರು ಹೊರಗೆ ಕಂಬ ನಿಲ್ಲಿಸಿ, ಅದರಿಂದ ಗೋಡೆಗೆ ಅರ್ಧ ಕಮಾನು ಒರಗಿಸಿ, ಗೋಡೆಯನ್ನು ಬೆಳಕಿಗೆ ಬಿಟ್ಟುಕೊಟ್ಟರು. ಆ ಅರ್ಧ ಕಮಾನುಗಳನ್ನು ಅವಳು ಶನಿವಾರಕ್ಕೆಂದು ಇಟ್ಟುಕೊಂಡಿದ್ದಳು. ಅವಳನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ನಾನು ಕೇಳಿದ್ದು ಉಸ್ತಾದರನ್ನು.

ಜಿಪ್ಸಂ ಕಲ್ಲಾಗಿತ್ತು. ಬಿಡಿಸಲು ಹೋದರೆ ಗೋಡೆಯ ರಟ್ಟೇ ಹರಿದುಹೋಯಿತು. ಶನಿವಾರ ಬೆಳಿಗ್ಗೆ ಅವಳು ಎರಡೂ ಗೋಡೆಗಳನ್ನು ಮೊದಲಿನಿಂದ ಕತ್ತರಿಸತೊಡಗಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಸ್ವಲ್ಪ ಹೊತ್ತಿನ ಮೇಲೆ, ತಲೆ ಎತ್ತದೆ, ಒಂದು ಕಾಗದ ಚಾಚಿದಳು.

"ಹನ್ನೆರಡು ಹಾಫ್ ಆರ್ಚ್. ನಾನು ಬರೆದ ಅಳತೆ ಮಾತ್ರ. ಅಂಟಿಸುವುದು ನಾನು."

"ಸ್ವಲ್ಪ ದಪ್ಪ..."

"ಪಪ್ಪ."

ಹನ್ನೆರಡನ್ನೂ ಅವಳ ಅಳತೆಗೇ ಕತ್ತರಿಸಿದೆ. ಸಂಜೆ ಕೊನೆಯದನ್ನು ಅಂಟಿಸಿ, ಒಣಗಿದ ಮೇಲೆ ಮಾಡು ಇಟ್ಟಳು. ನಾನು ಕಣ್ಣು ಮುಚ್ಚಿಕೊಂಡಿದ್ದರಿಂದ ನಿಂತದ್ದನ್ನು ನೋಡಲಿಲ್ಲ, ಹೆಂಡತಿ ಹೇಳಿದಳು. ಕಣ್ಣು ಬಿಟ್ಟಾಗ ಕಿಟಕಿಗಳಿಂದ ಕೆಂಪು, ನೀಲಿ ಬೆಳಕು ನಮ್ಮ ಊಟದ ಮೇಜಿನ ಪ್ಲಾಸ್ಟಿಕ್ ಹಾಸಿನ ಮೇಲೆ ಬಿದ್ದಿತ್ತು.

ಭಾನುವಾರ ಶಾಲೆಯ ತನಕ ಕಾರನ್ನು ಎಷ್ಟು ನಿಧಾನ ಓಡಿಸಿದೆನೆಂದರೆ ಹಿಂದಿನವರು ಹಾರ್ನ್ ಒತ್ತಿ ಒತ್ತಿ ಸುಸ್ತಾದರು. ಗೇಟಿನಲ್ಲಿ ಅವಳು ಇಗರ್ಜಿಯನ್ನು ಎತ್ತಿಕೊಂಡು ಹೋದಳು. ತಿರುಗಿ ನೋಡಲಿಲ್ಲ, ನೋಡಿದ್ದರೆ ಎಡವುತ್ತಿದ್ದಳು ಎಂದು ಸಮಾಧಾನ ಮಾಡಿಕೊಂಡೆ.

ಮಧ್ಯಾಹ್ನ ಫೋನ್ ಮಾಡಿ ಕೇಳಿದೆ. ನಿಂತಿತಂತೆ. ಗೆಳತಿಯದ್ದೂ ಚೆನ್ನಾಗಿತ್ತಂತೆ, ಗಟ್ಟಿಯಾಗಿ, ಕತ್ತಲೆಯಾಗಿ. ಅಂಥ ಇಗರ್ಜಿಗಳನ್ನು ಆ ಕಾಲದಲ್ಲಿ ಕಟ್ಟಿದವರು ನನ್ನ ಹಾಗೆ ಊಟ ಸೇರದವರೇ ಇರಬೇಕು. ಅವರ ಮೇಲೆ ನನಗೆ ಈಗಲೂ ಸ್ವಲ್ಪ ಮಮತೆ.

"ಟೀಚರ್ ಏನಾದ್ರೂ ಕೇಳಿದ್ರಾ?"

"ಯಾರು ಹೆಲ್ಪ್ ಮಾಡಿದ್ದು ಅಂತ ಕೇಳಿದ್ರು."

"ನೀನು ಏನು ಹೇಳಿದೆ?"

"ಡಿಸೈನ್ ನನ್ನದು, ಲೇಬರ್ ಪಪ್ಪನದು ಅಂದೆ."