ಹುಲೆಪ್ಪನ ತೇಲುವ ಊರು

ಅಣೆಕಟ್ಟಿನ ಹಿನ್ನೀರಿಗೆ ಊರು ಮುಳುಗಡೆಯಾಗುತ್ತದೆಂದು ನೋಟಿಸು ಬಂದ ವರ್ಷದಿಂದ, ಹೊಳೆದಂಡೆಯ ಗಲಗಲಿಯಲ್ಲಿ ದೋಣಿ ನಡೆಸುವ ನಮ್ಮ ಹುಲೆಪ್ಪನಿಗೆ ನೆಲದ ಮೇಲಿನ ನಂಬಿಕೆಯೇ ಹೋಯಿತು. "ಸಮುದ್ರದಾಗ ತೇಲೂ ಊರು ಕಟ್ಟೂಣು. ನೀರು ಏರಿದ್ರ ಅದೂ ಏರತೈತಿ. ಅಲ್ಲಿ ಬಂದು 'ಏಳ್ರಿ' ಅನ್ನಾವ್ರು ಯಾರೂ ಇಲ್ಲ" ಎನ್ನುತ್ತಿದ್ದ. ಕಾರವಾರದ ಕಡಲು ಕಂಡವನು ಅವನೊಬ್ಬನೇ ಆದ್ದರಿಂದ ನಾವೆಲ್ಲ ಹೂಂಗುಡುತ್ತಿದ್ದೆವು. ಚಹಾದಂಗಡಿಯ ಮುಂದಿನ ಧೂಳಿನಲ್ಲಿ ಬೆರಳಿನಿಂದ ಓಣಿಗಳನ್ನು ಬರೆದು, ಶಾಲೆಗೊಂದು ತೆಪ್ಪ, ಎಮ್ಮೆಗಳಿಗೊಂದು, ಜಗಳಗಂಟರಿಗೆ ತುಸು ದೂರದಲ್ಲೊಂದು ಎಂದು ಹಂಚುತ್ತಿದ್ದ. "ಜ್ವಾಳಾ ಎಲ್ಲಿ ಬೆಳೀತಿಯಪಾ?" ಎಂದು ಮುರಗೆಪ್ಪ ಸಾವಕಾರರು ನಕ್ಕರು. ಮರುದಿನವೇ ಹುಲೆಪ್ಪ ಖಾಲಿ ಪೀಪಾಯಿಗಳ ಮೇಲೆ ಬಿದಿರು ಬಿಗಿದು, ಮಣ್ಣು ಹರವಿ, ಜೋಳ ಬಿತ್ತಿ, ಉದ್ದನೆಯ ಹಗ್ಗ ಕಟ್ಟಿ ಹೊಳೆಯಲ್ಲಿ ತೇಲಿಬಿಟ್ಟ. ಜೋಳ ತೆನೆ ಹಿಡಿಯುವಾಗ ಹಿನ್ನೀರು ಊರೊಳಗೆ ನುಗ್ಗಿತು. ಗಂಟು ಹೊತ್ತು ದಿಬ್ಬದ ಮೇಲೆ ನಿಂತ ನಾವೆಲ್ಲ ನೋಡಿದೆವು: ಮನೆಗಳು ಒಂದೊಂದೇ ಮುಳುಗುತ್ತಿದ್ದವು, ಹುಲೆಪ್ಪನ ಹೊಲ ಮಾತ್ರ ತೆನೆ ತೂಗುತ್ತ ಮೇಲೇರುತ್ತಿತ್ತು. "ಎಲ್ಲೀ ಮಣ್ಣೋ ಅದು?" ಎಂದು ಸಾವಕಾರರು ಮೆಲ್ಲಗೆ ಕೇಳಿದರು. "ಎಲ್ಲಾರ ಹಿತ್ತಲದಾಗಿಂದೂ ಒಂದೊಂದು ಬುಟ್ಟಿ ತಂದೇನ್ರಿ. ನಿಮ್ಮದೂ ಐತಿ" ಎಂದ ಹುಲೆಪ್ಪ. ಸಾವಕಾರರು ಚಪ್ಪಲಿ ಕಳಚಿ, ಆ ತೇಲುವ ನೆಲಕ್ಕೆ ಕೈಮುಗಿದರು.